ಫ್ರಾನ್ಸಿನ ಮೇಲ್ಮನೆಯಲ್ಲಿ ಪ್ರಾದೇಶಿಕ ಪ್ರಾತಿನಿಧ್ಯ: ಒಂದು ವಿಮರ್ಶೆ

ಸಂಸದೀಯ ಸಂಸ್ಥೆಗಳ ಇತಿಹಾಸವನ್ನು ಬೋಧಿಸುವಾಗ ಮೇಲ್ಮನೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸುವುದು ವಾಡಿಕೆ. ಇಂಗ್ಲೆಂಡಿನ ಪ್ರಭುಸಭೆಯಂತೆ ಒಂದು ಶ್ರೇಣಿಯ ಹಕ್ಕನ್ನು ಕಾಯಲು ಹುಟ್ಟಿದವು ಮೊದಲನೆಯ ವರ್ಗದವು. ಅಮೆರಿಕದ ಸೆನೆಟ್ಟಿನಂತೆ ಒಕ್ಕೂಟದ ಘಟಕರಾಜ್ಯಗಳ ಹಕ್ಕನ್ನು ಕಾಯಲು ಹುಟ್ಟಿದವು ಎರಡನೆಯ ವರ್ಗದವು. ಫ್ರಾನ್ಸಿನ ಸೆನೆಟ್ಟನ್ನು ಎಲ್ಲಿ ಸೇರಿಸಬೇಕೆಂಬ ಪ್ರಶ್ನೆ ಬಂದಾಗ, ಅಲ್ಲಿ ಪ್ರಭುಗಳ ಪೀಠ ಉಳಿದಿಲ್ಲವಾದುದರಿಂದ, ಅದನ್ನು ಎರಡನೆಯ ವರ್ಗದ ಬದಿಗೆ ಸರಿಸಿ, ‘ಪ್ರದೇಶಗಳನ್ನು ಪ್ರತಿನಿಧಿಸುವ ಸಭೆ’ ಎಂದು ಹೇಳಿ ಮುಂದುವರಿಯುತ್ತೇವೆ. ಪ್ರಸ್ತುತ ಲೇಖಕನೂ ಕೆಲವು ವರ್ಷ ತರಗತಿಯಲ್ಲಿ ಹೀಗೆಯೇ ಪಾಠ ಹೇಳಿದ್ದುಂಟು. ಆದರೆ ೧೮೭೫, ೧೮೮೪, ೧೯೪೬ ಮತ್ತು ೧೯೫೮ರ ಶಾಸನಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ಈ ಹೇಳಿಕೆ ನಿಲ್ಲಲಾರದೆಂದು ಮನವರಿಕೆಯಾಗುತ್ತದೆ. ಫ್ರಾನ್ಸಿನ ಮೇಲ್ಮನೆ ಯಾವ ಗಣರಾಜ್ಯದಲ್ಲಿಯೂ ಪ್ರದೇಶಗಳನ್ನು ಪ್ರತಿನಿಧಿಸಿದುದಿಲ್ಲ. ಅದು ಪ್ರತಿನಿಧಿಸಿದ್ದು ಕಮ್ಯೂನನ್ನು, ಅಂದರೆ ಊರಿನ ಪೌರಸಭೆಯನ್ನು. ಈ ವ್ಯತ್ಯಾಸ ಕೇವಲ ಹೆಸರಿನದೋ ಅಥವಾ ಅಧಿಕಾರದ ಹಂಚಿಕೆಗೇ ಸಂಬಂಧಿಸಿದುದೋ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

೧

ಮೊದಲು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಕ್ರಾಂತಿಗೆ ಮುಂಚೆ ಫ್ರಾನ್ಸಿನಲ್ಲಿ ಬ್ರಿಟನಿ, ಪ್ರೊವಾನ್ಸ್, ಬರ್ಗಂಡಿ ಮೊದಲಾದ ಪ್ರಾಂತಗಳಿದ್ದುವು; ಅವುಗಳಿಗೆ ತಮ್ಮದೇ ಆದ ರೂಢಿ, ಕಾನೂನು, ಸಭೆಗಳಿದ್ದುವು. ೧೭೯೦ರಲ್ಲಿ ಸಂವಿಧಾನಸಭೆ ಈ ಪ್ರಾಂತಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ೮೩ ದೆಪಾರ್ತ್‌ಮಾಂಗಳನ್ನು ರಚಿಸಿತು. ಇವಕ್ಕೆ ನದಿ ಬೆಟ್ಟಗಳ ಹೆಸರಿಟ್ಟುದು ಪ್ರಾಂತದ ನೆನಪು ಉಳಿಯಬಾರದೆಂಬ ಉದ್ದೇಶದಿಂದಲೇ. ನಮ್ಮ ಭಾಷೆಯಲ್ಲಿ ಇವನ್ನು ಜಿಲ್ಲೆಗಳೆಂದು ಕರೆಯಬಹುದು. ಜಿಲ್ಲೆಯ ಒಳಗಡೆ ಕಮ್ಯೂನ್‌ಗಳು. ನೂರು ಜನರ ಹಳ್ಳಿಯೂ ಕಮ್ಯೂನೇ, ಪ್ಯಾರಿಸ್ ನಗರವೂ ಕಮ್ಯೂನೇ. ಹಲವು ಜಿಲ್ಲೆಗಳು ಕೂಡಿದ ಇಂದಿನ ‘ಪ್ರದೇಶ’ವೆಂಬ ಘಟಕ ಇಪ್ಪತ್ತನೆಯ ಶತಮಾನದ ಸೃಷ್ಟಿ.

೧೭೯೩ರಲ್ಲಿ ‘ಒಕ್ಕೂಟವಾದಿ’ ಎಂಬ ಆರೋಪ ಗಿರೊಂದಿನರ ತಲೆಗೆ ಮುಳುವಾಯಿತು. ಅಂದಿನಿಂದ ಪ್ರಾಂತದ ಪರವಾಗಿ ಮಾತನಾಡುವುದೆಂದರೆ ಗಣರಾಜ್ಯದ ಅಖಂಡತೆಗೆ ವಿರುದ್ಧವಾಗಿ ಮಾತನಾಡಿದಂತೆ ಎಂಬ ಶಂಕೆ ಬೇರೂರಿತು. ೧೭೯೫ರ ಸಂವಿಧಾನದಲ್ಲಿ ಹುಟ್ಟಿದ ಹಿರಿಯರ ಸಭೆಯನ್ನು ನೋಡಿರಿ: ೨೫೦ ಸದಸ್ಯರು, ನಲವತ್ತು ವರ್ಷ ತುಂಬಿರಬೇಕು, ವಿವಾಹಿತರೋ ವಿಧುರರೋ ಆಗಿರಬೇಕು. ವಯಸ್ಸಿಗೂ ಸಂಸಾರಕ್ಕೂ ಅಲ್ಲಿ ಬೆಲೆಯುಂಟು, ನೆಲಕ್ಕೆ ಇಲ್ಲ. ೧೮೪೮ರ ಎರಡನೆಯ ಗಣರಾಜ್ಯ ೭೫೦ ಸದಸ್ಯರ ಒಂದೇ ಸಭೆಯನ್ನು ಸ್ಥಾಪಿಸಿ, ಮೇಲ್ಮನೆಯ ಗೊಡವೆಗೇ ಹೋಗಲಿಲ್ಲ.

೨

ಹೀಗಿರುವಲ್ಲಿ ೧೮೭೫ರ ಫೆಬ್ರುವರಿ ೨೪ರ ಶಾಸನ ಸೆನೆಟ್ಟಿಗೆ ಭೂಮಿಯ ಆಧಾರವನ್ನು ಕೊಟ್ಟುದು ಹೇಗೆ? ಉತ್ತರವು ತತ್ತ್ವದಲ್ಲಿರುವುದಕ್ಕಿಂತ ಅಂದಿನ ರಾಜಿಯಲ್ಲಿದೆ. ಅರಸೊತ್ತಿಗೆಯ ಪಕ್ಷದವರಿಗೆ ಸಾರ್ವತ್ರಿಕ ಮತದ ಭಯವಿತ್ತು. ಅದನ್ನು ತಡೆಯಲು ಒಂದು ಮೇಲ್ಮನೆ ಬೇಕಾಗಿತ್ತು. ಗಣರಾಜ್ಯವಾದಿಗಳಿಗೆ ಗಣರಾಜ್ಯ ಬೇಕಾಗಿತ್ತು. ಅದಕ್ಕಾಗಿ ಅವರು ಮೇಲ್ಮನೆಯನ್ನು ಸಹಿಸಲು ಸಿದ್ಧರಾದರು. ಒಟ್ಟು ೩೦೦ ಸ್ಥಾನಗಳು. ಇವುಗಳಲ್ಲಿ ೭೫ನ್ನು ರಾಷ್ಟ್ರೀಯ ಸಭೆಯೇ ಜೀವಾವಧಿಗೆ ಆರಿಸಿತು. ಉಳಿದ ೨೨೫ ಜಿಲ್ಲೆಗಳಿಗೂ ವಸಾಹತುಗಳಿಗೂ ಸೇರಿದುವು. ಪ್ಯಾರಿಸನ್ನೊಳಗೊಂಡ ಸೇನ್ ಜಿಲ್ಲೆಗೂ ನೋರ್ ಜಿಲ್ಲೆಗೂ ಐದೈದು. ಬಹುಪಾಲು ಜಿಲ್ಲೆಗಳಿಗೆ ಎರಡೆರಡು.

ಇದಕ್ಕಿಂತ ಮುಖ್ಯವಾದುದು ಮತದಾರ ಮಂಡಲಿಯ ರಚನೆ. ಜಿಲ್ಲೆಯ ಕೆಳಮನೆ ಸದಸ್ಯರು, ಜಿಲ್ಲಾ ಸಭೆಯವರು, ಉಪವಿಭಾಗ ಸಭೆಯವರು, ಇವರೊಡನೆ ಪ್ರತಿಯೊಂದು ಕಮ್ಯೂನಿನ ಪೌರಸಭೆ ಕಳುಹಿಸಿದ ಒಬ್ಬೊಬ್ಬ ಪ್ರತಿನಿಧಿ. ಕಮ್ಯೂನ್ ಎಷ್ಟು ದೊಡ್ಡದಾದರೂ ಒಬ್ಬನೇ, ಎಷ್ಟು ಚಿಕ್ಕದಾದರೂ ಒಬ್ಬನೇ. ೧೮೭೬ರ ಮೊದಲ ಚುನಾವಣೆಯಲ್ಲಿ ಪ್ಯಾರಿಸ್ ಪೌರಸಭೆ ತನ್ನ ಏಕೈಕ ಪ್ರತಿನಿಧಿಯನ್ನಾಗಿ ವಿಕ್ಟರ್ ಹ್ಯೂಗೋನನ್ನು ಆರಿಸಿತು. ಇಡೀ ಮಹಾನಗರದ ಪೌರಸಭೆಯ ಪರವಾಗಿ ಆತನಿಗಿದ್ದ ಮತವೂ ಒಂದೇ, ಅದೇ ಜಿಲ್ಲೆಯ ಒಂದು ಹೊರಹಳ್ಳಿಯ ಪ್ರತಿನಿಧಿಗಿದ್ದ ಮತವೂ ಒಂದೇ.

ಹಳ್ಳಿಗಳು ಪಾದ್ರಿಯ ಮತ್ತು ಜಮೀನುದಾರನ ಮಾತು ಕೇಳುವುವೆಂದು ಅರಸೊತ್ತಿಗೆಯವರು ಲೆಕ್ಕ ಹಾಕಿದ್ದರು. ಗಾಂಬೆತ್ತಾ ಈ ಲೆಕ್ಕವನ್ನು ತಿರುಗಿಸಿ ಓದಿದನು. ೧೮೭೫ರ ಏಪ್ರಿಲಿನಲ್ಲಿ ಬೆಲ್‌ವಿಲ್ ಭಾಷಣದಲ್ಲಿ ಆತನು ಸೆನೆಟ್ಟನ್ನು ಫ್ರಾನ್ಸಿನ ಕಮ್ಯೂನ್‌ಗಳ ಮಹಾಸಭೆಯೆಂದು ಬಣ್ಣಿಸಿ, ಇನ್ನು ಮುಂದೆ ಪ್ರತಿ ಹಳ್ಳಿಯ ಪೌರಸಭೆಯಲ್ಲಿಯೂ ರಾಜ್ಯದ ರಾಜಕೀಯ ಚರ್ಚೆಯಾಗುವುದೆಂದು ಸಾರಿದನು. ನಾಲ್ಕು ವರ್ಷಗಳಲ್ಲಿ ಆತನ ಮಾತೇ ನಿಜವಾಯಿತು. ೧೮೭೯ರ ಜನವರಿಯಲ್ಲಿ ಸೆನೆಟ್ಟಿನ ಬಹುಮತ ಗಣರಾಜ್ಯವಾದಿಗಳಿಗೆ ದಕ್ಕಿತು. ಅದೇ ತಿಂಗಳ ೩೦ರಂದು ಅಧ್ಯಕ್ಷ ಮಕ್‌ಮಹಾನ್ ರಾಜೀನಾಮೆಯಿತ್ತನು. ನಾವು ಗಮನಿಸತಕ್ಕ ಅಂಶವೆಂದರೆ, ಈ ಇಡೀ ವಾದದಲ್ಲಿ ಬ್ರಿಟನಿಯಾಗಲಿ ಪ್ರೊವಾನ್ಸಾಗಲಿ ಎಲ್ಲಿಯೂ ಬರುವುದಿಲ್ಲ. ಎರಡು ಪಕ್ಷಗಳೂ ಕಾದಾಡಿದ್ದು ಹಳ್ಳಿಯ ಮತಕ್ಕಾಗಿ.

೩

೧೮೮೪ರ ಡಿಸೆಂಬರ್ ೯ರ ಶಾಸನ ಜೀವಾವಧಿ ಸ್ಥಾನಗಳನ್ನು, ಅವು ತೆರವಾದಂತೆಲ್ಲ ಜಿಲ್ಲೆಗಳಿಗೆ ಹಂಚಿತು. ಅಂಥ ಸದಸ್ಯರಲ್ಲಿ ಕೊನೆಯವನು ತೀರಿಕೊಂಡುದು ೧೯೧೮ರಲ್ಲಿ. ಸೇನ್ ಜಿಲ್ಲೆಗೆ ಹತ್ತು, ನೋರ್ ಜಿಲ್ಲೆಗೆ ಎಂಟು ಸ್ಥಾನಗಳಾದುವು. ಕಮ್ಯೂನಿನ ಪ್ರತಿನಿಧಿಗಳ ಸಂಖ್ಯೆಯನ್ನೂ ಶ್ರೇಣೀಕರಿಸಿದರು: ಅತಿ ಚಿಕ್ಕ ಪೌರಸಭೆಗೆ ಒಬ್ಬ, ಅತಿ ದೊಡ್ಡದಕ್ಕೆ ೨೪, ಪ್ಯಾರಿಸಿಗೆ ೩೦.

ಈ ಸುಧಾರಣೆಯನ್ನು ಹೊಗಳುವವರು ಎರಡು ಬೇರೆ ಬೇರೆ ಅಸಮಾನತೆಗಳನ್ನು ಒಂದಾಗಿ ಕಾಣುತ್ತಾರೆ. ಜಿಲ್ಲೆ ಜಿಲ್ಲೆಗಳ ನಡುವಣ ಅಸಮಾನತೆ ಒಂದು. ಅದು ಸ್ವಲ್ಪಮಟ್ಟಿಗೆ ಕಡಿಮೆಯಾಯಿತೆಂಬುದು ನಿಜ. ಜಿಲ್ಲೆಯೊಳಗಣ ಅಸಮಾನತೆ ಇನ್ನೊಂದು. ಅದು ಕುಗ್ಗಿದರೂ ಅಳಿಯಲಿಲ್ಲ. ನೋರ್ ಜಿಲ್ಲೆಯ ಲಿಲ್ ನಗರಕ್ಕೆ ೨೪ ಪ್ರತಿನಿಧಿಗಳು. ಅದೇ ಜಿಲ್ಲೆಯ ೨೪ ಸಣ್ಣ ಹಳ್ಳಿಗಳು ಕೂಡಿದರೆ ಅಷ್ಟೇ ಮತ. ಒಂದು ಪ್ರದೇಶಕ್ಕೆ ಮತ್ತೊಂದರ ಎದುರು ಮಹತ್ತ್ವ ಕೊಡುವುದು ಪ್ರಾದೇಶಿಕ ಪ್ರಾತಿನಿಧ್ಯದ ಲಕ್ಷಣ. ಒಂದೇ ನಾಡಿನೊಳಗೆ ಹಳ್ಳಿಗೆ ನಗರದ ಎದುರು ಮಹತ್ತ್ವ ಕೊಡುವುದು ಬೇರೆಯೇ ಒಂದು ವ್ಯವಹಾರ. ಫ್ರೆಂಚ್ ಸೆನೆಟ್ಟಿನಲ್ಲಿ ಬೇರೂರಿದ್ದು ಎರಡನೆಯದು.

ಇದಕ್ಕೆ ನಮ್ಮ ದೇಶದ ನೆಲದಲ್ಲಿಯೇ ಒಂದು ಸಾಕ್ಷ್ಯವಿದೆ. ೧೮೭೫ರ ಶಾಸನ ಮಾರ್ಟಿನೀಕ್, ಗ್ವಾದಲೂಪ್, ರೆಯೂನಿಯೋಂಗಳೊಡನೆ ‘ಫ್ರೆಂಚ್ ಇಂಡಿಯಾ’ಕ್ಕೂ ಒಂದು ಸೆನೆಟ್ ಸ್ಥಾನವನ್ನು ಕೊಟ್ಟಿತು. ಪಾಂಡಿಚೇರಿ, ಕಾರೈಕಾಲ್, ಯಾನಂ, ಮಾಹೆ, ಚಂದ್ರನಗರ—ತಮಿಳು, ತೆಲುಗು, ಮಲಯಾಳ, ಬಂಗಾಳಿ ಆಡುವ ಈ ಐದು ತುಂಡುಗಳು ಸೇರಿ ಒಂದು ಕ್ಷೇತ್ರ! ಪೌರಸಭೆಯ ಪ್ರತಿನಿಧಿಗಳ ಜಾಗದಲ್ಲಿ ಇಲ್ಲಿ ಸ್ಥಳೀಯ ಸಭೆಗಳ ಸದಸ್ಯರು ಮತ ಹಾಕಬೇಕೆಂದೂ, ಒಂದೊಂದು ನೆಲೆಯ ಮುಖ್ಯ ಸ್ಥಳದಲ್ಲಿಯೇ ಮತದಾನವಾಗಬೇಕೆಂದೂ ಶಾಸನ ವಿಧಿಸಿತು. ಅತ್ತ ಸೆನೆಗಾಲ್, ಕೊಚಿನ್‌ಚೀನಾಗಳಿಗೆ ಕೆಳಮನೆಯಲ್ಲಿ ಸದಸ್ಯನಿದ್ದರೂ ಸೆನೆಟ್ಟಿನಲ್ಲಿ ಇರಲಿಲ್ಲ. ಭಾಷೆ, ಬದುಕು, ನೆರೆಹೊರೆ ಇವುಗಳಿಂದ ಒಂದಾದ ನಾಡಿಗೆ ಪ್ರಾತಿನಿಧ್ಯ ಕೊಡುವುದು ಶಾಸನಕಾರರ ಉದ್ದೇಶವಾಗಿದ್ದಿತೆಂದು ಈ ಪಟ್ಟಿಯನ್ನು ಓದಿದವರಾರೂ ಹೇಳಲಾರರು. ಆಡಳಿತದ ಕಡತದಲ್ಲಿ ಒಂದು ಹೆಸರಿದ್ದರೆ ಅದು ಕ್ಷೇತ್ರವಾಗಲು ಸಾಕಾಗಿತ್ತು. ೧೯೫೪ರ ನವೆಂಬರ್ ೧ರಂದು ಈ ನೆಲೆಗಳ ಆಡಳಿತ ಭಾರತಕ್ಕೆ ಬಂದಿತು. ಚಂದ್ರನಗರ ಅದಕ್ಕೂ ಮೊದಲೇ ಸೇರಿಹೋಗಿದ್ದಿತು.

ಇಂಥ ಮಂಡಲಿಯಿಂದ ಬಂದ ಸಭೆ ಏನು ಮಾಡಿತೆಂಬುದನ್ನೂ ಕೇಳಬೇಕು. ಸ್ತ್ರೀಯರಿಗೆ ಮತದ ಹಕ್ಕನ್ನು ೧೯೧೯ರಲ್ಲಿ ಕೆಳಮನೆ ಅಂಗೀಕರಿಸಿತು. ೧೯೨೨ರಲ್ಲಿ ಸೆನೆಟ್ ತಳ್ಳಿಹಾಕಿತು. ಆ ಹಕ್ಕು ಫ್ರೆಂಚ್ ಸ್ತ್ರೀಯರಿಗೆ ದೊರೆತುದು ೧೯೪೪ರಲ್ಲಿ, ಸೆನೆಟ್ ಇಲ್ಲದಿದ್ದ ಕಾಲದಲ್ಲಿ. ಲಿಯೋಂ ಬ್ಲುಮ್‌ನ ಸರ್ಕಾರವನ್ನು ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಸೆನೆಟ್ಟೇ ಉರುಳಿಸಿತು. ಈ ಯಾವ ನಿರ್ಣಯದಲ್ಲಿಯೂ ಒಂದು ಪ್ರಾಂತ ಮತ್ತೊಂದು ಪ್ರಾಂತಕ್ಕೆ ಇದಿರಾಗಿ ನಿಂತುದಿಲ್ಲ.

೪

ಯುದ್ಧಾನಂತರ ಇಡೀ ಸಂಸ್ಥೆಯೇ ಪ್ರಶ್ನೆಗೆ ಈಡಾಯಿತು. ಏಕಸಭೆಯ ಕರಡು ಸಂವಿಧಾನವನ್ನು ಜನ ೧೯೪೬ರ ಮೇ ೫ರಂದು ತಿರಸ್ಕರಿಸಿದರು. ಅಕ್ಟೋಬರ್ ೨೭ರ ಸಂವಿಧಾನ ‘ಗಣರಾಜ್ಯದ ಮಂಡಲಿ’ ಎಂಬ ದುರ್ಬಲವಾದ ಎರಡನೆಯ ಸಭೆಯನ್ನು ಸ್ಥಾಪಿಸಿ, ಅದು ಕಮ್ಯೂನ್ ಮತ್ತು ಜಿಲ್ಲೆಗಳಿಂದ ಆಯ್ಕೆಯಾಗತಕ್ಕದ್ದೆಂದು ವಿಧಿಸಿತು. ಆ ಮೊದಲ ಮಂಡಲಿಯ ೫೦ ಸದಸ್ಯರನ್ನು ಕೆಳಮನೆಯೇ ಆರಿಸಿದ್ದರಿಂದ ನೆಲದ ತತ್ತ್ವ ಇನ್ನಷ್ಟು ಸಡಿಲವಾಯಿತು. ಆದರೆ ೧೯೪೮ರ ಶಾಸನ ಪೌರಸಭೆಗಳ ಪ್ರತಿನಿಧಿಗಳನ್ನು ಮರಳಿ ಕರೆತಂದಿತು; ಸದಸ್ಯರೂ ತಮ್ಮನ್ನು ಸೆನೆಟರರೆಂದೇ ಕರೆದುಕೊಳ್ಳತೊಡಗಿದರು. ಹೆಸರನ್ನೂ ಅಧಿಕಾರವನ್ನೂ ಕಳೆದುಕೊಂಡ ಸಭೆ ತನ್ನ ಹಳೆಯ ಮತದಾರರನ್ನು ಮಾತ್ರ ಎರಡೇ ವರ್ಷಗಳಲ್ಲಿ ಮರಳಿ ಪಡೆದುದು ಅರ್ಥಗರ್ಭಿತವಾಗಿದೆ.

೧೯೫೮ರ ಸಂವಿಧಾನದ ೨೪ನೆಯ ವಿಧಿ ಸೆನೆಟ್ಟು ಗಣರಾಜ್ಯದ ಭೂಪ್ರಾದೇಶಿಕ ಸಂಸ್ಥೆಗಳಿಗೆ ಪ್ರಾತಿನಿಧ್ಯ ಒದಗಿಸುತ್ತದೆಂದು ಹೇಳುತ್ತದೆ. ನಮ್ಮ ‘ಪ್ರದೇಶಗಳ ಸಭೆ’ ಎಂಬ ವಿವರಣೆ ಬಹುಶಃ ಈ ವಾಕ್ಯವನ್ನು ಅವಸರದಲ್ಲಿ ಓದಿದುದರ ಫಲ. ಇಲ್ಲಿ ಹೇಳಿರುವುದು ಸ್ವಯಮಾಡಳಿತ ಸಂಸ್ಥೆಗಳನ್ನು ಕುರಿತು, ನಾಡುಗಳನ್ನು ಕುರಿತಲ್ಲ.

ಪ್ರದೇಶಕ್ಕೆ ನಿಜವಾಗಿ ಸ್ಥಾನ ಕೊಡಲು ಯತ್ನಿಸಿದವನು ದ ಗಾಲ್ ಒಬ್ಬನೇ. ಪ್ರದೇಶಗಳನ್ನು ಸ್ಥಾಪಿಸಿ, ಸೆನೆಟ್ಟನ್ನು ಆರ್ಥಿಕ ಸಾಮಾಜಿಕ ಮಂಡಲಿಯೊಡನೆ ಕೂಡಿಸಿ, ಅದನ್ನು ಸಲಹಾಸಭೆಯನ್ನಾಗಿ ಮಾರ್ಪಡಿಸುವ ಯೋಜನೆಯನ್ನು ಆತನು ೧೯೬೯ರ ಏಪ್ರಿಲ್ ೨೭ರಂದು ಜನರ ಮುಂದಿಟ್ಟನು. ಶೇಕಡಾ ೫೨ಕ್ಕೂ ಹೆಚ್ಚು ಮತಗಳು ವಿರುದ್ಧವಾಗಿ ಬಿದ್ದುವು. ಮರುದಿನವೇ ಆತನು ಪದವಿಯನ್ನು ಬಿಟ್ಟನು. ಸೆನೆಟ್ಟಿನ ಅಧ್ಯಕ್ಷ ಅಲೇನ್ ಪೊಯೆರ್ ಹಂಗಾಮಿ ರಾಷ್ಟ್ರಾಧ್ಯಕ್ಷನಾದನು. ನ್ಯಾಯವಾಗಿ ಹೇಳುವುದಾದರೆ, ಪ್ರದೇಶವನ್ನೂ ಸೆನೆಟ್ಟಿನ ಅವನತಿಯನ್ನೂ ಒಂದೇ ಪ್ರಶ್ನೆಯಲ್ಲಿ ಪೋಣಿಸಿದ್ದು ದ ಗಾಲನ ತಪ್ಪು. ಪ್ರದೇಶವನ್ನು ಬಯಸಿದವನೂ ‘ಬೇಡ’ವೆನ್ನಲು ಕಾರಣ ದೊರೆಯಿತು.

ಆಮೇಲೆ ಪ್ರದೇಶಗಳು ಬೇರೆ ದಾರಿಯಲ್ಲಿ ಬೆಳೆದುವು. ೧೯೮೨ರ ಶಾಸನ ಅವುಗಳಿಗೆ ಸ್ವಯಮಾಡಳಿತ ಕೊಟ್ಟಿತು. ೧೯೮೬ರಲ್ಲಿ ಪ್ರದೇಶ ಸಭೆಗಳಿಗೆ ಮೊದಲ ಬಾರಿ ನೇರ ಚುನಾವಣೆ ನಡೆಯಿತು. ೨೦೦೩ರ ತಿದ್ದುಪಡಿ ಅವನ್ನು ಸಂವಿಧಾನದಲ್ಲಿ ಹೆಸರಿಸಿತು. ಪ್ರದೇಶ ಸಭೆಯವರೂ ಸೆನೆಟ್ಟಿನ ಮತದಾರರಾದರು. ಆದರೆ ಆ ಮಂಡಲಿಯ ಸುಮಾರು ಶೇಕಡಾ ೯೫ ಭಾಗ ಪೌರಸಭೆಗಳಿಂದಲೇ ಬರುತ್ತದೆ. ಕ್ಷೇತ್ರ ಈಗಲೂ ಜಿಲ್ಲೆಯೇ. ಕಾರ್ಸಿಕಾದ ಎರಡು ಜಿಲ್ಲಾ ಸಭೆಗಳು ೨೦೧೮ರಲ್ಲಿ ರದ್ದಾಗಿ ದ್ವೀಪಕ್ಕೆಲ್ಲ ಒಂದೇ ಸಭೆಯಾಯಿತು. ಆದರೂ ಸೆನೆಟ್ಟಿಗೆ ದ್ವೀಪದ ಎರಡು ಭಾಗಗಳು ಬೇರೆ ಬೇರೆಯಾಗಿಯೇ ಒಬ್ಬೊಬ್ಬನನ್ನು ಕಳುಹಿಸುತ್ತವೆ. ೨೦೨೧ರಲ್ಲಿ ಒಂದಾದ ಅಲ್ಸೇಸಿನ ಕತೆಯೂ ಇದೇ. ಎಂದರೆ, ನಾಡು ಒಂದಾಗಿ ನಿಂತಲ್ಲಿಯೂ ಸೆನೆಟ್ಟು ಅದನ್ನು ಒಂದಾಗಿ ಕಾಣುವುದಿಲ್ಲ. ಇತ್ತ ವಿದೇಶಗಳಲ್ಲಿ ನೆಲಸಿದ ಫ್ರೆಂಚರಿಗೆ, ಯಾವ ನೆಲವೂ ಇಲ್ಲದೆ, ೩೪೮ ಸ್ಥಾನಗಳಲ್ಲಿ ೧೨ ಸಲ್ಲುತ್ತವೆ.

ಜನಸಂಖ್ಯೆಗೆ ತಕ್ಕಂತೆ ಪ್ರತಿನಿಧಿಗಳನ್ನು ಹೆಚ್ಚಿಸಲು ಮಾಡಿದ ಒಂದು ಯತ್ನವನ್ನು ಸಂವಿಧಾನ ಪರಿಷತ್ತು ೨೦೦೦ದ ಜುಲೈ ೬ರಂದು ತಡೆಯಿತು. ಮಂಡಲಿ ಮುಖ್ಯವಾಗಿ ಸ್ಥಳೀಯ ಸಭೆಗಳ ಸದಸ್ಯರಿಂದಲೇ ಕೂಡಿರಬೇಕೆಂಬುದು ಅದರ ತೀರ್ಪು. ಗಾಂಬೆತ್ತಾ ಭಾಷಣದಲ್ಲಿ ಆಡಿದ ಮಾತು ಹೀಗೆ ನ್ಯಾಯಸೂತ್ರವಾಗಿ ಸ್ಥಿರಗೊಂಡಿತು.

೫

ಹಾಗಾದರೆ ಈ ಸಭೆಗೆ ಸಮರ್ಥನೆಯೇ ಇಲ್ಲವೆ? ಉಂಟು. ಫ್ರಾನ್ಸಿನಲ್ಲಿ ಸುಮಾರು ೩೫ ಸಾವಿರ ಕಮ್ಯೂನ್‌ಗಳಿವೆ. ಅರ್ಧಕ್ಕಿಂತ ಹೆಚ್ಚು ಕಮ್ಯೂನ್‌ಗಳಲ್ಲಿ ಐನೂರು ಜನರೂ ಇಲ್ಲ. ಎಲ್ಲ ಅಧಿಕಾರವೂ ಪ್ಯಾರಿಸಿನಲ್ಲಿ ಗುಡ್ಡೆಯಾದ ರಾಜ್ಯದಲ್ಲಿ, ಸೇತುವೆ ಶಾಲೆಗಳ ಕಷ್ಟವನ್ನು ಬಲ್ಲ ಹಳ್ಳಿಯ ಮುಖ್ಯಸ್ಥನ ಮಾತಿಗೆ ಒಂದು ಪೀಠವಿರುವುದು ಅಲ್ಪ ಪ್ರಯೋಜನವಲ್ಲ. ಸೆನೆಟ್ಟಿನ ಒಪ್ಪಿಗೆಯಿಲ್ಲದೆ ೮೯ನೆಯ ವಿಧಿಯ ಮೂಲಕ ಸಂವಿಧಾನವನ್ನು ತಿದ್ದುವಂತಿಲ್ಲವೆಂಬುದೂ ಏಕವ್ಯಕ್ತಿಯ ಅವಸರಕ್ಕೆ ಒಂದು ತಡೆ. ಆದರೆ ಈ ಗುಣಗಳು ಹಳ್ಳಿಯ ಸಭೆಯ ಗುಣಗಳು. ಇವನ್ನು ಪ್ರದೇಶದ ಖಾತೆಗೆ ಜಮಾ ಮಾಡಲಾಗದು. ಹಾಗೆ ಮಾಡಿದರೆ ನಗರದ ಮತದಾರನು ತೆತ್ತ ಬೆಲೆ ಲೆಕ್ಕದಿಂದ ಜಾರಿಹೋಗುತ್ತದೆ.

ನಮ್ಮ ವಾಚಕರಿಗೆ ಹತ್ತಿರದ ಹೋಲಿಕೆ ಬೇಕಾದರೆ ರಾಜ್ಯಸಭೆಯ ಕಡೆ ನೋಡಬಾರದು. ಕರ್ನಾಟಕದ ವಿಧಾನ ಪರಿಷತ್ತಿನ ೭೫ ಸ್ಥಾನಗಳಲ್ಲಿ ೨೫ನ್ನು ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ತುಂಬುತ್ತಾರೆ. ಗ್ರಾಮಪಂಚಾಯಿತಿಯ ಸದಸ್ಯರೂ ಅಲ್ಲಿ ಮತದಾರರು. ಇಡೀ ಸಭೆ ಆ ೨೫ರಂತೆಯೇ ಆಯ್ಕೆಯಾದರೆ ಹೇಗಿರುವುದೋ ಫ್ರೆಂಚ್ ಸೆನೆಟ್ಟು ಬಹುಮಟ್ಟಿಗೆ ಹಾಗಿದೆ. ನಮ್ಮ ಪರಿಷತ್ತನ್ನು ಯಾರೂ ಕರಾವಳಿ, ಮಲೆನಾಡು, ಬಯಲುಸೀಮೆಗಳ ಸಭೆಯೆಂದು ಕರೆಯುವುದಿಲ್ಲ. ಫ್ರಾನ್ಸಿನದಕ್ಕೂ ಆ ಹೆಸರು ಸಲ್ಲದು.

ಒಂದು ಮೇಲ್ಮನೆ ಯಾರನ್ನು ಪ್ರತಿನಿಧಿಸುತ್ತದೆಂಬುದನ್ನು ಸಂವಿಧಾನದ ಒಂದು ವಾಕ್ಯದಿಂದ ತಿಳಿಯಲಾಗುವುದಿಲ್ಲ. ಮತ ಹಾಕುವವರು ಯಾರು, ಯಾವ ಘಟಕದಲ್ಲಿ ಕೂಡಿ ಹಾಕುತ್ತಾರೆ, ಒಂದೊಂದು ಮತಕ್ಕೆ ಎಷ್ಟು ತೂಕ—ಈ ಮೂರನ್ನು ಕೇಳಬೇಕು. ಫ್ರಾನ್ಸಿನ ಮಟ್ಟಿಗೆ ೧೮೭೫ರಿಂದ ಇಂದಿನವರೆಗೆ ದೊರೆಯುವ ಉತ್ತರ ಹೆಚ್ಚು ಬದಲಾಗಿಲ್ಲ: ಪೌರಸಭೆಯವರು, ಜಿಲ್ಲೆಯಲ್ಲಿ, ಸಣ್ಣ ಊರಿಗೆ ಅನುಕೂಲವಾದ ತೂಕದಲ್ಲಿ. ನಮ್ಮ ಪಾಠಗಳಲ್ಲಿ ‘ಪ್ರದೇಶಗಳ ಸಭೆ’ ಎಂಬ ಮಾತನ್ನು ಕೈಬಿಟ್ಟು, ಈ ಉತ್ತರವನ್ನೇ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತವೆಂದು ಕಾಣುತ್ತದೆ.