ಖಾರಿಟಿಯಾನ್ ಪ್ರಹಸನವೂ ಪಡುವಣ ಕರಾವಳಿಯ ದೋಣಿಗಾರರೂ

ಐಗುಪ್ತದೇಶದ ಆಕ್ಸಿರಿಂಕಸ್ ಎಂಬ ಹಾಳೂರಿನಲ್ಲಿ ದೊರೆತು, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರಿಂದ ಪ್ರಕಟಿತವಾದ 413ನೆಯ ಪಪೈರಸ್ ಪತ್ರದಲ್ಲಿ ಒಂದು ಗ್ರೀಕ್ ಪ್ರಹಸನವಿರುವುದು ಕನ್ನಡ ವಿದ್ವಾಂಸರಿಗೆ ವಿದಿತವೇ ಆಗಿದೆ. ಅದರಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡವೆಂದು ಜರ್ಮನ್ ಪಂಡಿತ ಹುಲ್ಟ್ಷ್ ಮಹಾಶಯನು 1904ರಲ್ಲಿ ಸೂಚಿಸಿದನು, ಆರ್. ಶಾಮಶಾಸ್ತ್ರಿಗಳು ಆ ಪಕ್ಷವನ್ನು ವಿಸ್ತರಿಸಿದರು, ಎಲ್. ಡಿ. ಬಾರ್ನೆಟ್ ಪಂಡಿತನು 1926ರಲ್ಲಿ ಅದನ್ನು ಅಲ್ಲಗಳೆದನು. ಅನಂತರ ಆ ಮಾತುಗಳು ತುಳುವೆಂದು ವಾದಿಸಿದವರೂ, ಕಥೆ ನಡೆದ ಸ್ಥಳ ಮಲ್ಪೆಯೆಂದು ಊಹಿಸಿದವರೂ ಉಂಟು. ಇಷ್ಟು ಚರ್ಚೆಯೂ ನಾಲ್ಕಾರು ಶಬ್ದಗಳ ಸುತ್ತಲೇ ತಿರುಗಿತು. ಈ ಕೃತಿಯನ್ನು ರಚಿಸಿದವನು ಕರಾವಳಿಯ ಜನಜೀವನವನ್ನು ಬಲ್ಲವನೇ ಎಂಬ ಪ್ರಶ್ನೆಗೆ ದೊರೆತ ಗಮನ ತೀರ ಅಲ್ಪ.

ಕಥೆ ಸರಳವಾದುದು. ಖಾರಿಟಿಯಾನ್ ಎಂಬ ಗ್ರೀಕ್ ತರುಣಿಯು ಹಿಂದೂ ಮಹಾಸಾಗರದ ತೀರದಲ್ಲಿ ಚಂದ್ರದೇವತೆಯ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣನು ಹಡಗಿನ ನಾಯಕನನ್ನೂ ಒಬ್ಬ ವಿದೂಷಕನನ್ನೂ ಒಡಗೊಂಡು ಬಂದು, ಅಲ್ಲಿಯ ಅರಸನಿಗೂ ಪರಿವಾರಕ್ಕೂ ನೀರು ಬೆರಸದ ದ್ರಾಕ್ಷಾಮದ್ಯವನ್ನು ಕುಡಿಸಿ, ಅರಸನನ್ನು ಕಟ್ಟಿಹಾಕಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಯೂರಿಪಿಡೀಸ್ ಕವಿಯ ತೌರಿಸ್ ದೇಶದ ಇಫಿಗೇನಿಯಾ ನಾಟಕವನ್ನು ಓದಿದವರಿಗೆ ಇದರ ಎಲುಬುಗೂಡು ಎಲ್ಲಿಯದೆಂದು ಹೇಳಬೇಕಾದುದಿಲ್ಲ. ಮದ್ಯದಿಂದ ಅನಾಗರಿಕನನ್ನು ಮೋಸಗೊಳಿಸುವ ಉಪಾಯವೂ ಅದೇ ಕವಿಯ ‘ಕೈಕ್ಲೋಪ್ಸ್’ ನಾಟಕದಲ್ಲಿದೆ. ಆದುದರಿಂದ ಕಥೆಯನ್ನೇ ಚರಿತ್ರೆಯ ಸಾಕ್ಷ್ಯವೆಂದು ಹಿಡಿಯುವುದು ಉಚಿತವಲ್ಲ.

ಭಾಷೆಯ ವಿಷಯವೂ ದೃಢವಾದುದಲ್ಲ. ‘ಪಾತ್ರಕ್ಕೆ ಹಾಕಿ’ ಎಂದು ಓದಲಾದ ಭಾಗವನ್ನು ಗಮನಿಸಬೇಕು. ಪತ್ರವು ಕ್ರಿ. ಶ. ಎರಡನೆಯ ಶತಮಾನದ್ದೆಂದು ಎಣಿಸಲಾಗಿದೆ. ಕನ್ನಡದ ಹಲ್ಮಿಡಿ ಶಾಸನವಾದರೋ ಸುಮಾರು 450ರದು. ಪದದ ಮೊದಲಿನ ಪಕಾರವು ಹಕಾರವಾದುದು ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ. ಹಳಗನ್ನಡದಲ್ಲಿ ‘ಪಾಯ್ಕು’ ಎಂದಿದ್ದುದು ಅದಕ್ಕೂ ಎಂಟು ನೂರು ವರ್ಷ ಮೊದಲು ‘ಹಾಕು’ ಎಂದು ಕೇಳಿಸಿರಲಾರದು. ಇದಲ್ಲದೆ ಪತ್ರದಲ್ಲಿ ವಾದ್ಯಗಳನ್ನು ಬಾರಿಸಬೇಕಾದ ಸ್ಥಳಗಳಿಗೆ ಗುರುತುಗಳಿವೆ. ಇದು ರಂಗಭೂಮಿಯ ಪ್ರತಿ. ಅರ್ಥವರಿಯದ ಮಾತುಗಳು ನಟರ ನಾಲಗೆಯಲ್ಲಿಯೂ ಲಿಪಿಕಾರರ ಕೈಯಲ್ಲಿಯೂ ಎಷ್ಟು ವಿಕಾರಗೊಂಡಿರಬಹುದೆಂಬುದನ್ನು ಯಾರು ಬೇಕಾದರೂ ಊಹಿಸಬಹುದು. ಅವುಗಳಲ್ಲಿ ಕೆಲವು ನಿಜವಾಗಿಯೂ ದ್ರಾವಿಡಮೂಲದವಾಗಿರುವುದು ಅಸಂಭವವೇನಲ್ಲ. ಆದರೆ ಸಂಭವವು ಸಿದ್ಧಾಂತವಲ್ಲ.

ಒಂದು ಸಂಗತಿಯಲ್ಲಿ ಮಾತ್ರ ಪ್ರಹಸನಕಾರನು ನಿಜವನ್ನು ಮುಟ್ಟಿದ್ದಾನೆ. ಆ ನಾಡಿನಲ್ಲಿ ದ್ರಾಕ್ಷಾಮದ್ಯವು ಮಾರಾಟಕ್ಕೆ ದೊರೆಯದು, ಆದುದರಿಂದ ಅನುಭವವಿಲ್ಲದ ಜನರು ಅದನ್ನು ನೀರು ಬೆರಸದೆಯೇ ಕುಡಿಯುವರು ಎಂಬ ಮಾತು ಅಲ್ಲಿ ಬರುತ್ತದೆ. ಮುಜಿರಿಸ್ ಮೊದಲಾದ ಪಟ್ಟಣಗಳಿಗೆ ಮದ್ಯವು ಬರುತ್ತಿದ್ದುದು ಸ್ವಲ್ಪವೇ ಎಂದು ಒಂದನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥವೂ ಹೇಳುತ್ತದೆ. ಯಾವನೋ ವರ್ತಕನ ಬಾಯಿಂದ ಕೇಳಿದ ಸುದ್ದಿ ಇದಾಗಿರಬೇಕು.

ಉಳಿದಂತೆ ಇಲ್ಲಿಯ ಕರಾವಳಿ ಬರಿಯ ತೆರೆಚಿತ್ರ. ಅರಸನಿದ್ದಾನೆ, ಕುಣಿಯುವ ಪರಿವಾರವಿದೆ, ಬೇಟೆಗೆ ಹೊರಟ ಹೆಂಗಸರ ಗುಂಪಿದೆ; ಆ ತೀರದ ದೋಣಿಗಾರನೊಬ್ಬನ ಪಾತ್ರವಿಲ್ಲ. ಈ ಅಭಾವವೇ ಕೃತಿಯ ಬೆಲೆಯನ್ನು ತಿಳಿಸುವ ದೊಡ್ಡ ಸಾಕ್ಷಿ. ಪಡುವಣ ತೀರದ ಹೊಳೆಗಳು ಮರಳುದಿಬ್ಬಗಳ ನಡುವೆ ಅಳಿವೆಯಾಗಿ ಕಡಲನ್ನು ಸೇರುತ್ತವೆ. ಅಳಿವೆಯ ದಾರಿಯೂ ಆಳವೂ ಮಳೆಗಾಲ ಕಳೆದಂತೆಲ್ಲ ಬದಲಾಗುತ್ತವೆ. ದೊಡ್ಡ ಹಡಗು ಹೊರಗೆ ಲಂಗರು ಹಾಕಿ ನಿಲ್ಲಬೇಕು. ಸರಕನ್ನೂ ಜನರನ್ನೂ ದಡ ಸೇರಿಸುವವರು ಊರಿನ ದೋಣಿಯವರು. ಮುಜಿರಿಸಿನಲ್ಲಿ ಹಡಗುಗಳು ನಿಲ್ಲುವ ಸ್ಥಳವು ದಡದಿಂದ ಬಹುದೂರ, ಸರಕು ಬರುವುದು ಸಣ್ಣ ದೋಣಿಗಳಲ್ಲಿ, ಬಕಾರೆಗೆ ಮೆಣಸನ್ನು ತರುವುದು ಒಂದೇ ಮರವನ್ನು ಕೊರೆದು ಮಾಡಿದ ದೋಣಿಗಳಲ್ಲಿ ಎಂದು ಪ್ಲಿನಿಯು ಬರೆದಿದ್ದಾನೆ. ಭರುಕಚ್ಛದ ಅಳಿವೆಯಲ್ಲಿ ಅರಸನ ಸೇವೆಯಲ್ಲಿದ್ದ ಬೆಸ್ತರೇ ಎದುರು ಹೋಗಿ ಹಡಗುಗಳಿಗೆ ದಾರಿ ತೋರುತ್ತಿದ್ದರೆಂದು ‘ಪೆರಿಪ್ಲಸ್’ ತಿಳಿಸುತ್ತದೆ. 1974ರಲ್ಲಿ ಪಣಂಬೂರಿನ ಹೊಸ ಬಂದರು ಏರ್ಪಡುವವರೆಗೂ ಮಂಗಳೂರಿನ ಹಳೆಯ ಬಂದರಿನಲ್ಲಿ ದೊಡ್ಡ ಹಡಗುಗಳ ಸರಕು ಇಳಿಯುತ್ತಿದ್ದುದು ಈ ಕ್ರಮದಲ್ಲಿಯೇ. ಪಾತಿ, ಮಚ್ವೆ, ಮಂಜಿಗಳನ್ನು ನಡಸಿದ ಮೊಗವೀರ, ಖಾರ್ವಿ ಮೊದಲಾದವರ ಕಸುಬು ಪ್ಲಿನಿಯ ಒಂದು ವಾಕ್ಯದಲ್ಲಿ ಕಾಣುವಷ್ಟು ಈ ಇಡಿಯ ಪ್ರಹಸನದಲ್ಲಿ ಕಾಣುವುದಿಲ್ಲ. ಪ್ಲಿನಿಯೂ ಇಲ್ಲಿಗೆ ಬಂದವನಲ್ಲ. ಆದರೆ ವರ್ತಕರಿಂದ ಏನನ್ನು ಕೇಳಬೇಕೆಂಬುದನ್ನು ಬಲ್ಲವನು.

ಕಾಲಗಣನೆಯೂ ಇದನ್ನೇ ಸೂಚಿಸುತ್ತದೆ. ಐಗುಪ್ತದಿಂದ ಜುಲೈ ತಿಂಗಳ ಸುಮಾರಿಗೆ ಹೊರಟ ಹಡಗುಗಳು ಡಿಸೆಂಬರದಲ್ಲಿ, ತಪ್ಪಿದರೆ ಜನವರಿಯ ಮೊದಲಲ್ಲಿ ಹಿಂದಿರುಗುತ್ತಿದ್ದುವು. ನಡುವಣ ತಿಂಗಳುಗಳಲ್ಲಿ ಆ ನಾವಿಕರು ಈ ತೀರದಲ್ಲಿಯೇ ಕಾದಿರಬೇಕು. ನೀರು, ಅಕ್ಕಿ, ಮೀನುಗಳಿಗಾಗಿ ಊರವರನ್ನು ನಿತ್ಯವೂ ಆಶ್ರಯಿಸಬೇಕು. ಅಂಥ ವಾಸದ ಒಂದು ನೆನಪಾದರೂ ಬರೆದವನ ಕಿವಿಗೆ ಬಿದ್ದಿದ್ದರೆ, ಅರಸನ ಪರಿವಾರದ ಕುಣಿತದ ಪಕ್ಕದಲ್ಲಿ ಒಂದು ಹುಟ್ಟಾದರೂ ಕಾಣಿಸುತ್ತಿತ್ತು.

ಶಬ್ದವನ್ನೇ ಅರಸುವವರಿಗೆ ಬೇರೊಂದು ದಾರಿಯಿದೆ. ಒಂದೇ ಮರದ ದೋಣಿಗಳನ್ನು ಜೋಡಿಸಿ ಕಟ್ಟಿದ ದೊಡ್ಡ ನಾವೆಗೆ ‘ಪೆರಿಪ್ಲಸ್’ ಗ್ರಂಥವು ‘ಸಂಗರ’ ಎಂಬ ಹೆಸರು ಕೊಡುತ್ತದೆ. ಇದನ್ನು ಮಲೆಯಾಳದ ‘ಚಙ್ಙಾಡಂ’, ತುಳುವಿನ ‘ಜಂಗಾಲ’ ಶಬ್ದಗಳೊಡನೆ ಕಾಲ್ಡ್‌ವೆಲ್ ಪಂಡಿತನು ಹೋಲಿಸಿದ್ದನು. ಗ್ರಂಥವು ಅದನ್ನು ಹೇಳುವುದು ಮೂಡಣ ತೀರದ ಬಂದರುಗಳ ಪ್ರಸಂಗದಲ್ಲಿ ಎಂಬುದನ್ನು ಮರೆಯಲಾಗದು. ಆದರೂ ಅಲ್ಲಿ ಹೆಸರಿನ ಜೊತೆಗೆ ವಸ್ತುವಿದೆ, ವಸ್ತುವಿನ ಜೊತೆಗೆ ಅದನ್ನು ಕಟ್ಟುವ ರೀತಿಯಿದೆ. ಖಾರಿಟಿಯಾನ್ ಪ್ರಹಸನದ ಒಂದು ಮಾತಿಗೂ ಇಂಥ ಆಧಾರವಿಲ್ಲ.