ಈಜುಕೊಳದ ಗಾರೆ, ಕರಣೆಯ ಕೈ

ಅಮೆರಿಕದ ಫ್ಲಾರಿಡಾ, ಆರಿಜೋನಾಗಳಲ್ಲಿ ಮನೆಯ ಹಿತ್ತಲಲ್ಲಿ ಈಜುಕೊಳ ಇರುವುದು ಸಾಮಾನ್ಯ. ನೀಲಿ ನೀರನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮೆಚ್ಚುಗೆ ಅದರಡಿಯ ಗಾರೆಯ ಮೇಲೆ, ಅದನ್ನು ಬಳಿಯುವ ಕೈಗಳ ಮೇಲೆ.

ಬಿಳಿ ಸಿಮೆಂಟು, ಅಮೃತಶಿಲೆಯ ಪುಡಿ ಕಲಸಿದ ಈ ಗಾರೆಯ ದಪ್ಪ ಅರ್ಧ ಇಂಚಿನ ಆಸುಪಾಸು, ಅಷ್ಟೇ. ನೀರಿನಲ್ಲಿ ಹುಳಿ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದರೆ, ಆ ಕೊರತೆಯನ್ನು ಅದು ಗಾರೆಯಿಂದಲೇ ತುಂಬಿಕೊಳ್ಳುತ್ತದೆ. ಮೇಲ್ಮೈ ಸವೆದು ಅಂಗಾಲು ತರಚುವಷ್ಟು ಒರಟಾಗುತ್ತದೆ.

ಕಂದು ಕಲೆ ಕಂಡರೆ ನುರಿತವರು ತಕ್ಷಣ ಉಜ್ಜಲು ಹೋಗುವುದಿಲ್ಲ. ವಿಟಮಿನ್ ಸಿ ಮಾತ್ರೆಯೊಂದನ್ನು ಅದರ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯುತ್ತಾರೆ. ಮಾತ್ರೆ ಇದ್ದಷ್ಟಗಲ ಬೆಳ್ಳಗಾದರೆ ಅದು ಬಹುಮಟ್ಟಿಗೆ ಕಬ್ಬಿಣದ ಕಲೆ. ತೆಳುವಾಗಿ ಎಲ್ಲೆಡೆ ಹರಡಿದ್ದರೆ ನೀರಿನಲ್ಲಿ ಕರಗಿದ ಕಬ್ಬಿಣ ಕಾರಣ. ಚುಕ್ಕೆಯಾಗಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಮೂಡಿದರೆ ಒಳಗೆ ಕಂಬಿಯೋ ಕಟ್ಟುತಂತಿಯೋ ತುಕ್ಕು ಹಿಡಿದಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಗಾರೆ ಸೀಳುತ್ತದೆ. ಆಗ ಕೊಳ ಬರಿದು ಮಾಡಿ, ಉಳಿಯಿಂದ ಕೆತ್ತಿ, ಕಂಬಿಯ ತುದಿಯನ್ನು ಆಳಕ್ಕೆ ಕತ್ತರಿಸಿ, ಬೇಗ ಗಟ್ಟಿಯಾಗುವ ಸಿಮೆಂಟು ತುಂಬಿ, ಮೇಲೆ ಬಿಳಿ ಗಾರೆ ಹಚ್ಚಬೇಕು. ಬರೀ ಆಸಿಡ್ ಸುರಿದು ಮುಗಿಸುವ ಕೆಲಸ ನನಗೆ ಒಪ್ಪುವುದಿಲ್ಲ. ಅದು ಕಲೆಯ ಜೊತೆ ಗಾರೆಯನ್ನೂ ತಿನ್ನುತ್ತದೆ.

ಇಡೀ ಕೊಳಕ್ಕೆ ಹೊಸ ಗಾರೆ ಹಾಕುವುದನ್ನಂತೂ ನೋಡಲೇಬೇಕು. ಅಡಿಗೆ ಮೊಳೆಗಳಿರುವ ಪಾದರಕ್ಷೆ ತೊಟ್ಟ ಕೆಲಸಗಾರರು ಹಸಿ ಗಾರೆಯ ಮೇಲೆಯೇ ನಡೆದಾಡುತ್ತ, ಒಬ್ಬರ ಕರಣೆ ಬಿಟ್ಟ ಗುರುತನ್ನು ಇನ್ನೊಬ್ಬರ ಕರಣೆ ಅಳಿಸುತ್ತ ಸಾಗುತ್ತಾರೆ. ಬಿಸಿಲಿನಲ್ಲಿ ಸಿಮೆಂಟು ಯಾರಿಗೂ ಕಾಯುವುದಿಲ್ಲ. ಜೋಡಣೆಯ ಗುರುತು ಕಾಣದಂತೆ ಒಂದೇ ದಿನದಲ್ಲಿ ಮುಗಿಯಬೇಕು. ಆಮೇಲೆ ತಡಮಾಡದೆ ನೀರು ಬಿಡುತ್ತಾರೆ. ನೀರು ತುಂಬುವುದನ್ನು ನಡುವೆ ನಿಲ್ಲಿಸಿದರೆ ಗೋಡೆಯ ಮೇಲೆ ಗೆರೆ ಉಳಿಯುತ್ತದೆ. ನೀರೊಳಗೂ ವಾರಗಟ್ಟಲೆ ಗಾರೆ ಗಟ್ಟಿಯಾಗುತ್ತಲೇ ಇರುತ್ತದೆ. ಆ ದಿನಗಳಲ್ಲಿ ಮೇಲೆ ಏಳುವ ಬಿಳಿ ಪುಡಿಯನ್ನು ಮನೆಯವರು ದಿನವೂ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು.