ಕಂದು ಚುಕ್ಕೆಯ ಮೇಲೆ ಹೊರಿಸಿದ ಗುಣ

ಮೊಣಕಾಲು ಮಂಚದ ಅಂಚಿಗೆ ಬಡಿದರೆ ಆ ಜಾಗ ಮೊದಲು ನೀಲಿಗಟ್ಟುತ್ತದೆ. ಕೆಲವು ದಿನಗಳಲ್ಲಿ ಹಸಿರು ಛಾಯೆ, ಆಮೇಲೆ ಹಳದಿ, ಕೊನೆಗೆ ಗುರುತೇ ಇಲ್ಲ. ಚರ್ಮದಡಿ ಸೋರಿದ ರಕ್ತವನ್ನು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಒಳಗೆಳೆದುಕೊಂಡು, ಹಿಮೋಗ್ಲೋಬಿನ್ನಿನ ಹೀಮ್ ಭಾಗವನ್ನು ಒಡೆಯುತ್ತವೆ. ಹೀಮ್‌ನಿಂದ ಹಸಿರು ಬಿಲಿವರ್ಡಿನ್, ಅದರಿಂದ ಹಳದಿ ಬಿಲಿರುಬಿನ್. ಕಬ್ಬಿಣ ಮಾತ್ರ ಮತ್ತೆ ಬಳಕೆಗೆ ಉಳಿಯುತ್ತದೆ. ಸೋರಿದ ಹಿಮೋಗ್ಲೋಬಿನ್ನನ್ನು ಹಿಡಿದು ಕೋಶದೊಳಗೆ ತರುವ ಮುಖ್ಯ ಗ್ರಾಹಿಯೇ ಸಿಡಿ163.

ಈ ಪ್ರೋಟೀನಿಗೆ ವೈದ್ಯಕೀಯ ಬರಹಗಳಲ್ಲಿ ಒಂದು ಖಾಯಂ ವಿಶೇಷಣ ಅಂಟಿಕೊಂಡಿದೆ: ‘ಎಂ2 ಮ್ಯಾಕ್ರೊಫೇಜ್‌ನ ಗುರುತು’. ಗೆಡ್ಡೆಯ ತುಣುಕಿಗೆ ಸಿಡಿ163ರ ಬಣ್ಣ ಹಾಕಿ, ಕಂದು ಚುಕ್ಕೆಗಳನ್ನು ಎಣಿಸಿ, ‘ಉರಿಯೂತ ತಣಿಸುವ, ಗೆಡ್ಡೆಗೆ ನೆರವಾಗುವ ಕೋಶಗಳು ಇಷ್ಟಿವೆ’ ಎಂದು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಕೋಶವೊಂದು ಏನನ್ನು ಹಿಡಿಯುತ್ತದೆ ಎಂಬುದನ್ನೇ ಅದರ ಸ್ವಭಾವ ಎಂದು ಓದುವ ಈ ರೂಢಿ ತಪ್ಪು. ಇದರಿಂದ ರೋಗಿಗೆ ಹಾನಿಯೂ ಆಗಬಹುದು.

ಮೊದಲು ಅದರ ನಿಜವಾದ ಕೆಲಸ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಮುದಿಯಾದವುಗಳಲ್ಲಿ ಹೆಚ್ಚಿನವನ್ನು ಗುಲ್ಮ ಮತ್ತು ಯಕೃತ್ತಿನ ಮ್ಯಾಕ್ರೊಫೇಜ್‌ಗಳು ಇಡಿಯಾಗಿ ನುಂಗುತ್ತವೆ. ಕೆಲವು ರಕ್ತನಾಳದೊಳಗೇ ಒಡೆಯುತ್ತವೆ. ಹೊರಬಿದ್ದ ಹಿಮೋಗ್ಲೋಬಿನ್ ಎರಡು ಹೋಳಾಗಿ ಮೂತ್ರಪಿಂಡಕ್ಕೆ ನುಗ್ಗಿ ಅಲ್ಲಿನ ನಾಳಿಕೆಗಳನ್ನು ಕೆಡಿಸುತ್ತದೆ. ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಹೀರಿಕೊಂಡುಬಿಡುತ್ತದೆ. ಹಾಗಾಗದಂತೆ ಹ್ಯಾಪ್ಟೊಗ್ಲೋಬಿನ್ ಎಂಬ ರಕ್ತದ ಪ್ರೋಟೀನು ಅದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. 1938ರಲ್ಲೇ ಹ್ಯಾಪ್ಟೊಗ್ಲೋಬಿನ್ ಗೊತ್ತಿತ್ತು. ರಕ್ತಕಣ ಒಡೆಯುವ ಕಾಯಿಲೆಗಳಲ್ಲಿ ಅದರ ಮಟ್ಟ ಕುಸಿಯುತ್ತದೆಂದು ವೈದ್ಯರು ದಶಕಗಳಿಂದ ಅದನ್ನು ಅಳೆಯುತ್ತಲೂ ಇದ್ದರು. ಆದರೆ ಆ ಜೋಡಿ ಹೋಗುವುದೆಲ್ಲಿಗೆ ಎಂಬುದು ತಿಳಿದದ್ದು 2001ರಲ್ಲಿ, ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಸೋರೆನ್ ಮೋಸ್ಟ್ರಪ್ ಅವರ ತಂಡ ಸಿಡಿ163 ಆ ಜೋಡಿಯನ್ನು ಹಿಡಿಯುತ್ತದೆಂದು ತೋರಿಸಿದಾಗ. ಒಳಗೆ ಹೋದ ಹ್ಯಾಪ್ಟೊಗ್ಲೋಬಿನ್ ಮರಳಿ ಬರುವುದಿಲ್ಲ, ಹಿಮೋಗ್ಲೋಬಿನ್ನಿನ ಜೊತೆ ತಾನೂ ಕರಗುತ್ತದೆ. ಪರೀಕ್ಷೆಯಲ್ಲಿ ಅದರ ಮಟ್ಟ ಕುಸಿದು ಕಾಣುವುದು ಅದಕ್ಕೇ.

ಇಂಗ್ಲಿಷಿನ ‘ಸ್ಕ್ಯಾವೆಂಜರ್’ ಎಂಬ ಹೆಸರು ಇಂಥ ಗ್ರಾಹಿಗಳಿಗೆ ಬಂದದ್ದು ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಕೊಲೆಸ್ಟರಾಲ್ ಕುರಿತು ನಡೆಸಿದ ಕೆಲಸದಿಂದ. ಅದನ್ನು ‘ಜಾಡಮಾಲಿ ಗ್ರಾಹಿ’ ಎಂದು ಕನ್ನಡಕ್ಕೆ ತರುವುದು ನನಗೆ ಒಪ್ಪಿಗೆಯಿಲ್ಲ. ಆ ಪದಕ್ಕೆ ನಮ್ಮಲ್ಲಿ ಜಾತಿಯ ಅವಮಾನ ಮೆತ್ತಿಕೊಂಡಿದೆ. ಈ ಪ್ರೋಟೀನು ಮಾಡುವುದಾದರೋ ವಿಷವನ್ನು ತಡೆದು ಕಬ್ಬಿಣವನ್ನು ಉಳಿಸಿಕೊಡುವ ಕೆಲಸ. ‘ಶುಚಿಕಾರ ಗ್ರಾಹಿ’ ಎನ್ನುವುದು ಮೇಲು.

ಇನ್ನು ‘ಎಂ2’ ಎಲ್ಲಿಂದ ಬಂತು? 2000ದಲ್ಲಿ ಚಾರ್ಲ್ಸ್ ಮಿಲ್ಸ್ ಮತ್ತು ಸಂಗಡಿಗರು ಎರಡು ತಳಿಯ ಇಲಿಗಳ ಮ್ಯಾಕ್ರೊಫೇಜ್‌ಗಳು ಆರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ಬಳಸುವ ರೀತಿಯಲ್ಲಿದ್ದ ವ್ಯತ್ಯಾಸ ಕಂಡು ಎಂ1, ಎಂ2 ಎಂದು ಹೆಸರಿಟ್ಟರು. ಒಂದು ಕೊಲ್ಲುವುದು, ಇನ್ನೊಂದು ಕಟ್ಟುವುದು. ಪಾಠ ಹೇಳಲು ಅನುಕೂಲವಾದ ಈ ಜೋಡಿ ಬೇಗನೆ ಮನುಷ್ಯರ ಕಾಯಿಲೆಗಳಿಗೂ ದಾಟಿತು. ಸಿಡಿ163 ಎಂ2ವಿನ ಪಾಲಿಗೆ ಬಿತ್ತು. 2014ರಲ್ಲಿ ಈ ಕ್ಷೇತ್ರದ ಹಿರಿಯರೇ ಒಟ್ಟಾಗಿ, ಎರಡೇ ಹೆಸರು ಸಾಲದು, ಕೋಶಕ್ಕೆ ಯಾವ ಪ್ರಚೋದನೆ ಕೊಟ್ಟಿರಿ ಎಂಬುದನ್ನೇ ಹೆಸರಿನಲ್ಲಿ ಬರೆಯಿರಿ ಎಂದು ಕೇಳಿಕೊಂಡರು. ಆದರೂ ಹಳೆಯ ಹೆಸರು ಬಿಟ್ಟುಹೋಗಿಲ್ಲ.

ಎಂ2 ಸ್ಥಿತಿಯ ಮೂಲ ಪ್ರಚೋದಕ ಎಂದು ಎಲ್ಲರೂ ಒಪ್ಪುವುದು ಇಂಟರ್‌ಲ್ಯೂಕಿನ್-4 ಅನ್ನು. ಮನುಷ್ಯರ ಕೋಶಗಳಲ್ಲಿ ಸಿಡಿ163 ಹೆಚ್ಚಿಸುವುದು ಅದಲ್ಲ. ಇಂಟರ್‌ಲ್ಯೂಕಿನ್-10 ಮತ್ತು ಸ್ಟೀರಾಯ್ಡ್‌ಗಳು. ಕ್ಯಾನ್ಸರ್ ವಾರ್ಡಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ದಿನನಿತ್ಯದ ಔಷಧಿ. ವಾಂತಿ ತಡೆಯಲು ಕೀಮೋ ಜೊತೆಗೆ ಕೊಡುತ್ತಾರೆ, ಮಿದುಳಿನ ಗೆಡ್ಡೆಯಿದ್ದರೆ ಊತ ಇಳಿಸಲು ಕೊಡುತ್ತಾರೆ. ಮಿದುಳಿನ ಗೆಡ್ಡೆಯವರು ಶಸ್ತ್ರಚಿಕಿತ್ಸೆಗೆ ಮೊದಲೇ ಅದರ ಮೇಲಿರುವುದು ಸಾಮಾನ್ಯ. ಗೆಡ್ಡೆ ದೊಡ್ಡದಿದ್ದಷ್ಟೂ, ಊತ ಹೆಚ್ಚಿದ್ದಷ್ಟೂ ಪ್ರಮಾಣ ಹೆಚ್ಚು. ಅಂಥವರ ತುಣುಕಿನಲ್ಲಿ ಕಂದು ಚುಕ್ಕೆ ಹೆಚ್ಚಿದ್ದು, ಅವರು ಬೇಗ ತೀರಿಕೊಂಡರೆ, ತಪ್ಪು ಮ್ಯಾಕ್ರೊಫೇಜ್‌ನದೇ, ಗೆಡ್ಡೆಯ ತೀವ್ರತೆಯದೇ, ವೈದ್ಯರು ಬರೆದ ಔಷಧಿಯ ನೆರಳೇ? ಈ ಪ್ರಶ್ನೆ ಕೇಳದೆ ಎಣಿಕೆಗೆ ಕೂರುವ ಅಧ್ಯಯನವನ್ನು ನಾನು ನಂಬಲಾರೆ.

‘ತಣಿಸುವ ಕೋಶದ ಗುರುತು’ ಎಂಬ ಮಾತು ರಕ್ತಪರೀಕ್ಷೆಯ ಮುಂದೆಯೂ ನಿಲ್ಲುವುದಿಲ್ಲ. ಆಡಂ17 ಎಂಬ ಕಿಣ್ವ ಸಿಡಿ163ರ ಹೊರಭಾಗವನ್ನು ಕತ್ತರಿಸಿ ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲೂ ಲೀಟರಿಗೆ ಒಂದೆರಡು ಮಿಲಿಗ್ರಾಂ ಇರುತ್ತದೆ. ಅದು ವಿಪರೀತ ಏರುವುದು ಯಾವಾಗ? ಸೆಪ್ಸಿಸ್‌ನಲ್ಲಿ, ಮತ್ತು ಮ್ಯಾಕ್ರೊಫೇಜ್‌ಗಳು ಹುಚ್ಚೆದ್ದು ಸ್ವಂತ ರಕ್ತಕಣಗಳನ್ನೇ ನುಂಗುವ, ಕಬ್ಬಿಣ ಕೂಡಿಡುವ ಫೆರಿಟಿನ್ ಪ್ರೋಟೀನು ಸಾವಿರಗಟ್ಟಲೆ ಏರುವ ಎಚ್‌ಎಲ್‌ಎಚ್ ಎಂಬ ಮಾರಕ ಸ್ಥಿತಿಯಲ್ಲಿ. ಅಂದರೆ ಉರಿಯೂತ ತುತ್ತತುದಿಯಲ್ಲಿರುವಾಗ. ಬ್ಯಾಕ್ಟೀರಿಯಾದ ಗೋಡೆಯ ಅಂಶ ತಗುಲಿದರೆ ಕೋಶ ಈ ಗ್ರಾಹಿಯನ್ನು ಕತ್ತರಿಸಿ ಚೆಲ್ಲುತ್ತದೆ. ಆಗ ಕೋಶದ ಮೈಮೇಲೆ ಕಡಿಮೆ, ರಕ್ತದಲ್ಲಿ ಹೆಚ್ಚು. ಸ್ಲೈಡು ಮಾತ್ರ ನೋಡಿದವರಿಗೂ ರಕ್ತ ಮಾತ್ರ ಅಳೆದವರಿಗೂ ಒಬ್ಬನೇ ರೋಗಿಯಲ್ಲಿ ಎರಡು ಬೇರೆ ಕಥೆ ಕಾಣುತ್ತದೆ.

ಹೃದಯದ ರಕ್ತನಾಳಗಳ ವಿಷಯದಲ್ಲಂತೂ ತೀರ್ಪು ತಲೆಕೆಳಗಾಗಿದೆ. ಕೊಬ್ಬಿನ ಪ್ಲೇಕ್‌ನೊಳಗೆ ರಕ್ತ ಸೋರಿದಾಗ ಅಲ್ಲಿ ಸಿಡಿ163 ಇರುವ ಮ್ಯಾಕ್ರೊಫೇಜ್‌ಗಳು ಸೇರುತ್ತವೆ. 2009ರಲ್ಲಿ ಲಂಡನ್ನಿನ ಸಂಶೋಧಕರು ಇವನ್ನು ರಕ್ಷಕರೆಂದು ವಿವರಿಸಿದರು. 2018ರಲ್ಲಿ ಅಮೆರಿಕದ ತಂಡವೊಂದು, ಅದೇ ಕೋಶಗಳು ಸೋರುವ ಹೊಸ ನಾಳಗಳನ್ನು ಬೆಳೆಸಿ ಪ್ಲೇಕ್ ಅನ್ನು ಇನ್ನಷ್ಟು ಅಪಾಯಕಾರಿ ಮಾಡುತ್ತವೆಂದು ತೋರಿಸಿತು. ಎರಡೂ ನಿಜವಿರಬಹುದು. ರಕ್ತ ಸೋರಿದ ಕಡೆ ಅದನ್ನು ಬಳಿಯಲು ಬಂದ ಕೋಶ, ಅಲ್ಲಿ ಮುಂದೆ ಏನು ಮಾಡುತ್ತದೆ ಎಂಬುದು ಆ ಜಾಗ ನಿರ್ಧರಿಸುವ ಮಾತು.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಸಾಕ್ಷ್ಯವೂ ಇದೆ. 2019ರಲ್ಲಿ ಆರ್ಹುಸ್‌ನ ಆಂಡರ್ಸ್ ಎಟ್ಸೆರೋಟ್ ಮತ್ತು ಸಂಗಡಿಗರು ಇಲಿಗಳ ಮೆಲನೋಮಾ ಗೆಡ್ಡೆಯಲ್ಲಿ ಸಿಡಿ163 ಇರುವ ಮ್ಯಾಕ್ರೊಫೇಜ್‌ಗಳನ್ನಷ್ಟೇ, ಕ್ಯಾನ್ಸರ್ ಔಷಧಿ ತುಂಬಿದ ಕೊಬ್ಬಿನ ಕಣಗಳಿಂದ ಕೊಂದರು. ಟಿ-ಕೋಶಗಳು ಒಳನುಗ್ಗಿ ಗೆಡ್ಡೆ ಕುಗ್ಗಿತು. ಇದನ್ನು ತಳ್ಳಿಹಾಕುವಂತಿಲ್ಲ, ಆ ಗೆಡ್ಡೆಯಲ್ಲಿ ಆ ಕೋಶಗಳು ಕೇಡು ಮಾಡುತ್ತಿದ್ದವು. ಆದರೆ ಆ ಪ್ರಯೋಗದಲ್ಲಿ ಸಿಡಿ163 ಔಷಧಿ ತಲುಪಿಸುವ ವಿಳಾಸವಾಗಿ ಬಳಕೆಯಾಯಿತು. ಮನೆ ನಂಬರ್ ಸಿಕ್ಕಿದ ಮಾತ್ರಕ್ಕೆ ಒಳಗಿರುವವರ ನಡತೆ ತಿಳಿಯುವುದಿಲ್ಲ. ಅದೇ ವಿಳಾಸಕ್ಕೆ ಡೆಕ್ಸಾಮೆಥಾಸೋನ್ ಕಟ್ಟಿ ಕಳಿಸಿ ಉರಿಯೂತ ಇಳಿಸಿದ ಪ್ರಯೋಗವೂ ಆರ್ಹುಸ್‌ನಿಂದಲೇ ಬಂದಿದೆ. ಇಲಿಗೂ ಮನುಷ್ಯನಿಗೂ ಈ ಗ್ರಾಹಿಯಲ್ಲಿ ವ್ಯತ್ಯಾಸವೂ ಇದೆ: ಇಲಿಯಲ್ಲಿ ಅದು ಹ್ಯಾಪ್ಟೊಗ್ಲೋಬಿನ್ನಿಗೆ ಕಾಯದೆ ಹಿಮೋಗ್ಲೋಬಿನ್ನನ್ನು ನೇರವಾಗಿ ಹಿಡಿಯುತ್ತದೆ.

ಒಂದು ಗ್ರಾಹಿಯನ್ನು ಸರಿಯಾಗಿ ವಿಚಾರಿಸುವುದು ಹೇಗೆಂದು ತೋರಿಸಿದ್ದು ಹಂದಿಗಳ ಕಾಯಿಲೆ. ಪಿಆರ್‌ಆರ್‌ಎಸ್ ವೈರಸ್ ಹಂದಿಮರಿಗಳ ಉಸಿರು ಕಟ್ಟಿಸುತ್ತದೆ, ಗಬ್ಬದ ಹಂದಿಗಳಲ್ಲಿ ಗರ್ಭಪಾತ ಮಾಡಿಸುತ್ತದೆ. 2013ರಲ್ಲಿ ಮಿಜೋರಾಮಿಗೂ ಬಂತು. ಅದು ಕೋಶದೊಳಗೆ ಹೊಗುವ ಬಾಗಿಲು ಸಿಡಿ169 ಎಂಬ ಇನ್ನೊಂದು ಗ್ರಾಹಿ ಎಂದು ಬಹುಕಾಲ ನಂಬಿದ್ದರು. 2013ರಲ್ಲಿ ಸಿಡಿ169 ಇಲ್ಲದ ಹಂದಿಗಳನ್ನು ಹುಟ್ಟಿಸಿ ನೋಡಿದರೆ ಸೋಂಕು ಎಂದಿನಂತೆಯೇ ತಗುಲಿತು. 2016ರಲ್ಲಿ ಮಿಸೌರಿಯಲ್ಲಿ ಸಿಡಿ163 ತೆಗೆದ ಹಂದಿಗಳಿಗೆ ಸೋಂಕು ತಗುಲಲಿಲ್ಲ. ಮರುವರ್ಷ ಎಡಿನ್‌ಬರೋದ ರೋಸ್ಲಿನ್ ಸಂಸ್ಥೆ ಇನ್ನೂ ಸೂಕ್ಷ್ಮವಾಗಿ ಕೆಲಸ ಮಾಡಿತು. ಸಿಡಿ163 ಒಂಬತ್ತು ತುಂಡುಗಳ ಸರ. ಅದರಲ್ಲಿ ಐದನೆಯದನ್ನಷ್ಟೇ ಕಿತ್ತರೂ ವೈರಸ್‌ಗೆ ದಾರಿ ಮುಚ್ಚಿತು, ಹಿಮೋಗ್ಲೋಬಿನ್ ಹಿಡಿಯುವ ಕೆಲಸ ಉಳಿಯಿತು. ಆಫ್ರಿಕನ್ ಹಂದಿಜ್ವರಕ್ಕೆ ಮಾತ್ರ ಸಿಡಿ163 ತೆಗೆದರೂ ತಡೆ ಸಿಗಲಿಲ್ಲ, ಅದನ್ನೂ ಪ್ರಕಟಿಸಿದರು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಪಿಐಸಿ ಕಂಪನಿಯ, ಪಿಆರ್‌ಆರ್‌ಎಸ್ ತಡೆಯುವ ಇಂಥ ಹಂದಿಗಳಿಗೆ ಒಪ್ಪಿಗೆ ಕೊಟ್ಟಿತು. ಇಲ್ಲಿ ಯಾರೂ ಕೋಶವನ್ನು ಶಾಂತ, ಉಗ್ರ ಎಂದು ಕರೆಯಲಿಲ್ಲ. ಭಾಗ ತೆಗೆದರು, ಏನಾಯಿತೆಂದು ನೋಡಿದರು.

ಗೆಡ್ಡೆಯ ವರದಿಯಲ್ಲಿ ‘ಎಂ2’ ಎಂದು ಬರೆಯುವ ಕಡೆ ‘ಸಿಡಿ163 ಇರುವ ಮ್ಯಾಕ್ರೊಫೇಜ್’ ಎಂದಷ್ಟೇ ಬರೆದು, ರೋಗಿ ಸ್ಟೀರಾಯ್ಡ್ ಮೇಲಿದ್ದರೇ, ತುಣುಕಿನಲ್ಲಿ ರಕ್ತ ಸೋರಿತ್ತೇ ಎಂಬ ಎರಡು ಸಾಲು ಸೇರಿಸಲು ಹೆಚ್ಚು ಖರ್ಚಿಲ್ಲ. ನಮ್ಮಲ್ಲಿ ಈ ಗ್ರಾಹಿಯ ಖಚಿತವಾದ ಕೆಲಸವೇ ಬೇಕಾಗಿರುವ ರೋಗಿಗಳಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಇದೆ. ಈ ಕಾಯಿಲೆಯಲ್ಲಿ ರಕ್ತಕಣ ನಿತ್ಯ ಒಡೆಯುತ್ತದೆ, ಹ್ಯಾಪ್ಟೊಗ್ಲೋಬಿನ್ ಬರಿದಾಗುತ್ತದೆ, ಜೋಡಿಯಿಲ್ಲದ ಹಿಮೋಗ್ಲೋಬಿನ್ನನ್ನು ಸಿಡಿ163 ಸಡಿಲವಾಗಿ, ಹಿಡಿದಷ್ಟು ಹಿಡಿಯುತ್ತದೆ. ಹ್ಯಾಪ್ಟೊಗ್ಲೋಬಿನ್ನಿನ ಎರಡು ಆನುವಂಶಿಕ ರೂಪಗಳಲ್ಲಿ ಭಾರತೀಯರಲ್ಲಿ ಎರಡನೆಯದೇ ಹೆಚ್ಚು. ಯುರೋಪಿನವರ ರಕ್ತದಲ್ಲಿ ಅಳೆದ ಮಿತಿಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಜಪಾನಿನಲ್ಲಿ ದಾನಿಗಳ ರಕ್ತದಿಂದ ತೆಗೆದ ಹ್ಯಾಪ್ಟೊಗ್ಲೋಬಿನ್ನನ್ನು 1985ರಿಂದ ಸುಟ್ಟಗಾಯದವರಿಗೂ ರಕ್ತ ಒಡೆದವರಿಗೂ ಕೊಡುತ್ತಿದ್ದಾರೆ. ಸಿಕಲ್ ಸೆಲ್ ರೋಗಿ ನೋವಿನ ಬಿಕ್ಕಟ್ಟಿನಲ್ಲಿ ಆಸ್ಪತ್ರೆಗೆ ಬಂದ ದಿನ ಅವರಲ್ಲಿ ಹ್ಯಾಪ್ಟೊಗ್ಲೋಬಿನ್ ಎಷ್ಟು ಉಳಿದಿತ್ತು, ಕತ್ತರಿಸಿ ಬಿದ್ದ ಸಿಡಿ163 ಎಷ್ಟು ಏರಿತ್ತು ಎಂಬ ಎರಡು ಅಂಕಿಗಳನ್ನು ಅವರ ಕೇಸ್ ಶೀಟಿನಲ್ಲಿ ನೋಡುವ ಆಸೆ ನನಗಿದೆ.